ಕರ್ಜಿಕಾಯಿಗೆ ಗಾಲಿ: ಹನಿ ಆಕಾರದ ಕ್ಯಾಂಪರ್ ಟ್ರೇಲರ್ ನಾವೇ ಕಟ್ಟುವುದು ಹೇಗೆ

ಧಾರವಾಡದಿಂದ ಬಂದಿದ್ದ ಅವ್ವ ಪುಣೆಯ ನರ್ಹೆಯ ಶೆಡ್ಡಿನಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ್ದ ಟ್ರೇಲರ್ ನೋಡಿದಳು. ಒಂದು ಸುತ್ತು ಹಾಕಿ, "ಇದೇನಪಾ, ಕರ್ಜಿಕಾಯಿಗೆ ಗಾಲಿ ಹಚ್ಚೀಯಲ್ಲ!" ಎಂದಳು. ಆಮೇಲೆ ಬೆರಳಿನಿಂದ ಚಾವಣಿಯ ಅಂಚು ಮುಟ್ಟಿ, "ಅಂಚು ಛಲೋ ಒತ್ತಿದ್ಯೋ ಇಲ್ಲೋ?" ಎಂದು ಕೇಳಿದಳು. ಅಂಚು ಸರಿಯಾಗಿ ಒತ್ತದ ಕರ್ಜಿಕಾಯಿ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಅಂಚು ಸರಿಯಾಗಿ ಒತ್ತದ ಟ್ರೇಲರ್ ಜೂನ್ ತಿಂಗಳಲ್ಲಿ ಬಾಯಿ ಬಿಡುತ್ತದೆ. ಆಗ ನನಗೆ ಇದು ಅಷ್ಟಾಗಿ ತಲೆಗೆ ಹೋಗಲಿಲ್ಲ.

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮಲಗುವ ಗೂಡು ಇದು. ಒಳಗೆ ಇಬ್ಬರಿಗೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಒಳಗೆ ನಿಲ್ಲುವ ಹಾಗಿಲ್ಲ, ಕೂರಬಹುದು, ಮಲಗಬಹುದು, ಅಷ್ಟೇ. 1930ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ಇದನ್ನು ಮನೆಯಲ್ಲಿ ಕಟ್ಟತೊಡಗಿದರು. ಎರಡನೇ ಮಹಾಯುದ್ಧದ ನಂತರ ಇದು ಇನ್ನೂ ಜನಪ್ರಿಯವಾಯಿತು. ನಮಗೆ ಬೇಕಾದದ್ದು ಒಂದೇ ವಿಷಯ: ಇದರ ಅಳತೆ 8×4 ಅಡಿಯ ಪ್ಲೈವುಡ್ ಹಾಳೆಗೆ ಸರಿಯಾಗಿ ಕೂಡುತ್ತದೆ. ಆ ಹಾಳೆ ಪುಣೆಯ ಟಿಂಬರ್ ಮಾರ್ಕೆಟ್ಟಿನ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಮೊದಲು ಕಾಗದ, ಆಮೇಲೆ ಕಬ್ಬಿಣ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಇಂಜಿನ್ ಇಲ್ಲದಿದ್ದರೂ ಅದಕ್ಕೆ ತನ್ನದೇ ನೋಂದಣಿ ಬೇಕು, ನಂಬರ್ ಪ್ಲೇಟ್ ಬೇಕು. ತಯಾರಕರು ತಮ್ಮ ಮಾದರಿಯನ್ನು ಪರೀಕ್ಷೆಗೆ ಒಪ್ಪಿಸಿ ಅನುಮೋದನೆ ಪಡೆದಿರಬೇಕು. ಅಂಥ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಎರಡು ನಮ್ಮ ಊರಲ್ಲೇ ಇವೆ: ಕೋತ್ರೂಡ್ ಗುಡ್ಡದ ಎಆರ್‌ಎಐ, ಭೋಸರಿಯ ಸಿಐಆರ್‌ಟಿ. ಆದರೆ ಒಂದೇ ಒಂದು ಟ್ರೇಲರ್‌ಗಾಗಿ ಒಬ್ಬ ಹವ್ಯಾಸಿ ಆ ದಾರಿ ಹಿಡಿಯುವುದು ಕೈಗೆಟುಕುವ ಮಾತಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಅನುಮೋದನೆ ಇರುವ ತಯಾರಕರಿಂದ ಸಣ್ಣ ಟ್ರೇಲರ್ ಚಾಸಿ (ಗೂಡು ಕೂರುವ ಕಬ್ಬಿಣದ ಚೌಕಟ್ಟು) ಕೊಳ್ಳಿ, ಮರದ ಗೂಡು ನೀವು ಕಟ್ಟಿ. ದುಡ್ಡು ಕೊಡುವ ಮೊದಲು ನಕ್ಷೆ ಹಿಡಿದು ಆರ್‌ಟಿಒಗೆ ಹೋಗಿ. ಪುಣೆ ಊರಿನವರಾದರೆ ಸಂಗಮ್ ಸೇತುವೆ ಹತ್ತಿರದ ಕಚೇರಿ, ಪಿಂಪ್ರಿ-ಚಿಂಚವಾಡದವರಾದರೆ ಅಲ್ಲಿಯದು. ಚಾಸಿಯ ಮೇಲೆ ಗೂಡು ಕೂರಿಸಿದರೆ ನೋಂದಣಿಯಲ್ಲಿ ಏನೆಂದು ಬರೆಯುತ್ತಾರೆ, ಯಾವ ಯಾವ ಕಾಗದ ಕೇಳುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಿ. ಈ ಕೆಲಸಕ್ಕೆ ಎರಡು ಮೂರು ಓಡಾಟ ಆಗೇ ಆಗುತ್ತದೆ. ಕಟ್ಟಿ ಮುಗಿಸಿದ ಮೇಲೆ ಓಡಾಡುವುದಕ್ಕಿಂತ ಅದು ವಾಸಿ.

ಇನ್ನು ನಿಮ್ಮ ಕಾರು. ಅದರ ಕೈಪಿಡಿ ತೆಗೆದು ಎಳೆಯುವ ಸಾಮರ್ಥ್ಯ ಎಷ್ಟೆಂದು ನೋಡಿ. ಕೆಲವು ಕಂಪನಿಗಳು ಎಳೆಯಲೇ ಬೇಡಿ ಎಂದು ಬರೆದಿರುತ್ತವೆ. ಅಂಥ ಕಾರಾದರೆ ಕಥೆ ಅಲ್ಲಿಗೇ ಮುಗಿಯಿತು. ಬ್ರೇಕ್ ಇಲ್ಲದ ಟ್ರೇಲರ್‌ನ ತೂಕ ಕಾರಿನ ತೂಕದ ಅರ್ಧ ದಾಟಬಾರದು ಎಂಬುದು ಯುರೋಪಿನಲ್ಲಿ ಪಾಲಿಸುವ ಲೆಕ್ಕ. ನಾನೂ ಅದನ್ನೇ ಹಿಡಿದೆ. ನಾವು ಕಟ್ಟುವ ಗೂಡು ಸಾಮಾನು ಸಮೇತ 400 ಕೆಜಿ ಆಸುಪಾಸು ಬರುತ್ತದೆ.

ಮತ್ತೊಂದು ಮಾತು: ಇದನ್ನು ಎಲ್ಲಿ ನಿಲ್ಲಿಸುತ್ತೀರಿ? ನಮ್ಮ ಸೊಸೈಟಿಯ ಸಭೆಯಲ್ಲಿ ನನ್ನ ಟ್ರೇಲರ್ ಬಗ್ಗೆ ನಡೆದಷ್ಟು ಚರ್ಚೆ ನೀರಿನ ಟ್ಯಾಂಕರ್ ಬಗ್ಗೆಯೂ ನಡೆದಿಲ್ಲ. ಕೊನೆಗೆ ಗೆಳೆಯನ ಶೆಡ್ಡೇ ಗತಿಯಾಯಿತು.

ಗಾಲಿ ಎಲ್ಲಿ ಕೂರಬೇಕು

ಚಾಸಿಯ ಬೆಸುಗೆ ನೋಡಿಕೊಂಡ ವೆಲ್ಡರ್ ಇಂಡಿ ತಾಲ್ಲೂಕಿನವರು. ಭೋಸರಿಯಲ್ಲಿ ಕನ್ನಡ ಕೇಳಿದ ಕೂಡಲೇ ನನ್ನ ಅರ್ಧ ಭಯ ಹೋಯಿತು. ನಾನು ಗೂಡಿನ ಬಣ್ಣದ ಚಿತ್ರ ತೋರಿಸಿದೆ. ಅವರು ಅದನ್ನು ಪಕ್ಕಕ್ಕಿಟ್ಟು, "ಸರ್, ಮೊದಲ ಗಾಲಿ ಎಲ್ಲಿ ಕೂಡ್ತಾವ ಹೇಳ್ರಿ. ಆಮ್ಯಾಲ ಮನಿ ಕಟ್ರಿ," ಎಂದರು.

ಚಕ್ಕಡಿ ಹೊಡೆದವರಿಗೆ ಇದು ಗೊತ್ತು. ಹೇರು ಹಿಂದಕ್ಕೆ ಜಾಸ್ತಿಯಾದರೆ ನೊಗ ಮೇಲೇಳುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತಿನ ಹೆಗಲು ಮುರಿಯುತ್ತದೆ. ನೊಗ ಹೆಗಲ ಮೇಲೆ ಹದವಾಗಿ ಕೂರುವ ಹಾಗೆ ಹೇರಬೇಕು. ಟ್ರೇಲರ್‌ನ ಲೆಕ್ಕವೂ ಅದೇ. ಒಟ್ಟು ತೂಕದ ಶೇಕಡಾ 10ರಿಂದ 15 ಪಾಲು ಮುಂದಿನ ಮೂಕಿಯ (ಕಾರಿನ ಕಡೆ ಚಾಚಿದ ಕಂಬಿಯ) ತುದಿಯಲ್ಲಿ, ಅಂದರೆ ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಖಂಬಾಟ್ಕಿ ಘಾಟಿನ ಇಳಿಜಾರಿನಲ್ಲಿ ಹಾಗಾದರೆ ಕಾರನ್ನೂ ಎಳೆದುಕೊಂಡೇ ಹೋಗುತ್ತದೆ.

ನನ್ನ ಅಳತೆ ಹೇಳುತ್ತೇನೆ. ಗೂಡಿನ ಉದ್ದ 2440 ಮಿ.ಮೀ. ಕೊಕ್ಕೆಯಿಂದ ಗೂಡಿನ ಮುಂಭಾಗಕ್ಕೆ 1070. ಗಾಲಿಯ ಅಚ್ಚು ಗೂಡಿನ ಮುಂಭಾಗದಿಂದ 1430 ಹಿಂದೆ. ಅಂದರೆ ಕೊಕ್ಕೆಯಿಂದ ಅಚ್ಚಿಗೆ 2500. ಇನ್ನು ಇಡೀ ಟ್ರೇಲರ್‌ನ ತೂಕದ ಕೇಂದ್ರ ಕೊಕ್ಕೆಯಿಂದ 2200ರಲ್ಲಿದೆ ಎಂದುಕೊಳ್ಳಿ. ಎರಡರ ವ್ಯತ್ಯಾಸ 300. ಅದನ್ನು 2500ರಿಂದ ಭಾಗಿಸಿದರೆ 0.12. ಒಟ್ಟು 400 ಕೆಜಿಗೆ ಮೂಕಿಯ ಮೇಲೆ 48 ಕೆಜಿ. ಸರಿಯಾಗಿದೆ.

ಕಟ್ಟುವಾಗ ಈ ಲೆಕ್ಕ ತಪ್ಪಿಸುವುದು ಹಿಂದಿನ ಅಡುಗೆ ಕಟ್ಟೆ. ನೀರು, ಪಾತ್ರೆ, ಸಿಲಿಂಡರ್ ಎಲ್ಲ ಅಲ್ಲೇ ಸೇರುತ್ತವೆ. ಹಾಗಾಗಿ ಬ್ಯಾಟರಿಯನ್ನು ಮುಂದೆ ಮೂಕಿಯ ಮೇಲಿನ ಪೆಟ್ಟಿಗೆಯಲ್ಲಿಡಿ. ಹಾಗಂತ ಅಚ್ಚನ್ನು ಮೊದಲೇ ಬೆಸೆದುಬಿಡಬೇಡಿ. ಸ್ಪ್ರಿಂಗ್ ಪಟ್ಟಿಯ ಬ್ರಾಕೆಟ್ಟುಗಳನ್ನು ಬೋಲ್ಟಿನಿಂದ ಕಟ್ಟಿ. ಹಿಂದೆ ಮುಂದೆ ಒಂದೆರಡು ಇಂಚು ಸರಿಸಲು ತೂತು ಇರಲಿ. ಗೂಡು ಮುಗಿದ ಮೇಲೆ ಮನೆಯ ತೂಕದ ಯಂತ್ರವನ್ನು ಮೂಕಿಯ ಕೆಳಗಿಟ್ಟು ನೋಡಿ. ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ ಕೊಕ್ಕೆಯ ಎತ್ತರಕ್ಕೆ ತನ್ನಿ, ಇಲ್ಲದಿದ್ದರೆ ಲೆಕ್ಕ ತಪ್ಪು ಬರುತ್ತದೆ.

ಚಾಸಿಗೆ 50×50 ಮಿ.ಮೀ., 3 ಮಿ.ಮೀ. ದಪ್ಪದ ಬಾಕ್ಸ್ ಪೈಪ್ ಸಾಕು. ಮೀಟರಿಗೆ ಸುಮಾರು 4.4 ಕೆಜಿ ತೂಗುತ್ತದೆ. ಪ್ರತಿ 600 ಮಿ.ಮೀ.ಗೆ ಒಂದು ಅಡ್ಡಕಂಬಿ. ಮೂಕಿಯನ್ನು ಒಂಟಿ ಪೈಪಿನಲ್ಲಿ ಮಾಡಬೇಡಿ, ಎರಡು ಕಾಲು ಸೇರಿ ಮುಂದೆ ಒಂದಾಗುವ ಹಾಗೆ ಮಾಡಿಸಿ. ಪೈಪಿನ ಬಾಯಿಗಳೆಲ್ಲ ಮುಚ್ಚಿರಲಿ. ಬೆಸುಗೆಯ ಕಿಟ್ಟ ತೆಗೆದು, ಜಿಂಕ್ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಬಣ್ಣ. ಇವನ್ನೆಲ್ಲ ತಯಾರಕರೇ ಮಾಡಿ ಕೊಟ್ಟರೆ ನೀವು ಬರೀ ಪರೀಕ್ಷಿಸಿ ನೋಡಿ.

ಗಾಲಿಗೆ 145 ಆರ್ 12 ಟೈರ್ ಅನುಕೂಲ. ಓಮ್ನಿಯಿಂದ ಹಿಡಿದು ಟಾಟಾ ಏಸ್‌ವರೆಗೆ ಓಡಿದ ಅಳತೆ ಇದು, ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತದೆ. ಜುನಾ ಬಾಜಾರಿನಲ್ಲಿ ಹಳೆ ಕಾರಿನ ಅಚ್ಚು ಅಗ್ಗಕ್ಕೆ ಸಿಗುತ್ತದಲ್ಲ ಎಂದು ನನಗೂ ಆಸೆಯಾಗಿತ್ತು. ಬೇಡ. ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ, ಟೈರ್ ಸವೆದಾಗ ಗೊತ್ತಾಗುತ್ತದೆ. ಇನ್ನು ಸ್ಪ್ರಿಂಗ್ ಪಟ್ಟಿ ತೀರಾ ಗಟ್ಟಿಯಾಗಿರಬಾರದು. ಒಂದು ಟನ್ನಿನ ಪಟ್ಟಿ ಹಾಕಿದರೆ 400 ಕೆಜಿ ಗೂಡು ಪ್ರತಿ ಗುಂಡಿಗೂ ಕುಪ್ಪಳಿಸುತ್ತದೆ, ಒಂದೊಂದೇ ಸ್ಕ್ರೂ ಸಡಿಲವಾಗುತ್ತದೆ.

ಕೊಕ್ಕೆಯ ಗುಂಡಿನಲ್ಲಿ ಒಂದು ಮೋಸ ಇದೆ. 50 ಮಿ.ಮೀ. ಗುಂಡು ಬೇರೆ, 2 ಇಂಚಿನದು ಬೇರೆ. ಎರಡನೆಯದು 50.8 ಮಿ.ಮೀ. ಗುಂಡು ಒಂದು ಕಡೆಯದು, ಅದರ ಮೇಲೆ ಕೂರುವ ಕಪ್ಲರ್ ಇನ್ನೊಂದು ಕಡೆಯದು ಮಾಡಬೇಡಿ, ಎರಡನ್ನೂ ಒಂದೇ ಕಡೆ ಕೊಳ್ಳಿ. ಎರಡು ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಹಾಯಿಸಿ ಕಾರಿಗೆ ಕಟ್ಟಿ. ಕೊಕ್ಕೆ ಕಳಚಿದರೂ ಮೂಕಿ ರಸ್ತೆಗೆ ಬಡಿಯದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ಪ್ಲೈವುಡ್ ಮತ್ತು ನನ್ನ ಮೊದಲ ಪೆದ್ದತನ

ಭವಾನಿ ಪೇಟೆ ಕಡೆಯ ಟಿಂಬರ್ ಮಾರ್ಕೆಟ್ಟಿಗೆ ಹೋದರೆ "ವಾಟರ್‌ಪ್ರೂಫ್" ಎಂದು ಎಲ್ಲವನ್ನೂ ಮಾರುತ್ತಾರೆ. ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 710 ಇದ್ದರೆ ಅದು ಮರೀನ್ ದರ್ಜೆಯದು. ಐಎಸ್ 303 ಸಾಮಾನ್ಯ ಬಳಕೆಯದು, ಒಳಗಿನ ಕಪಾಟಿಗೆ ನಡೆಯುತ್ತದೆ. ನೆಲ, ಪಕ್ಕೆ, ಚಾವಣಿ ಮೂರಕ್ಕೂ 710 ತಗೊಳ್ಳಿ.

ತೂಕದ ಅಂದಾಜು ಇರಲಿ: 12 ಮಿ.ಮೀ. ಹಾಳೆ ಹೆಚ್ಚುಕಡಿಮೆ 24 ಕೆಜಿ, 18 ಮಿ.ಮೀ. 36 ಕೆಜಿ. ಪಕ್ಕೆಗೆ 18 ಹಾಕಿದರೆ ಗಟ್ಟಿ ಎಂದು ಬಡಗಿ ಹೇಳುತ್ತಾರೆ. ಅವರು ಮನೆಯ ಕಪಾಟು ಕಟ್ಟುವವರು, ಅವರಿಗೆ ಅದನ್ನು ಎಳೆಯುವ ಚಿಂತೆ ಇಲ್ಲ. 12 ಸಾಕು.

ಇಲ್ಲಿಯ ಬಡಗಿಗಳು ಅಳತೆಯನ್ನು ಸೂತ್‌ನಲ್ಲಿ ಹೇಳುತ್ತಾರೆ. ನಮ್ಮ ಕಡೆಯ ನೂಲು, ಇಂಚಿನ ಎಂಟನೇ ಒಂದು ಭಾಗ. ನೀವು ಮಿಲಿಮೀಟರ್ ಹೇಳಿ ಅವರು ಸೂತ್‌ನಲ್ಲಿ ಕೊಯ್ದರೆ ನಾಲ್ಕು ಮೂಲೆಯೂ ನಾಲ್ಕು ದಿಕ್ಕಿಗೆ ಹೋಗುತ್ತದೆ. ಒಂದೇ ಭಾಷೆ ಆರಿಸಿಕೊಳ್ಳಿ.

ಈಗ ಪೆದ್ದತನದ ಕಥೆ. ನೆಲಕ್ಕೆ ಪೂರ್ತಿ 1220 ಮಿ.ಮೀ. ಅಗಲದ ಹಾಳೆ ಹಾಸಿದೆ. ಅದರ ಎರಡೂ ಬದಿಗೆ 12 ಮಿ.ಮೀ. ಪಕ್ಕೆ ನಿಲ್ಲಿಸಿದೆ. ಚೆನ್ನಾಗಿ ಕೂತಿತು. ಚಾವಣಿಯ ಹಾಳೆ ಮೇಲಿಟ್ಟಾಗ ಎದೆ ಝಲ್ ಎಂದಿತು. ಗೂಡಿನ ಹೊರ ಅಗಲ 1244, ಹಾಳೆಯ ಅಗಲ 1220. ಒಂದು ಇಂಚು ಆಕಾಶ ಕಾಣುತ್ತಿತ್ತು. ಎಲ್ಲ ಬಿಚ್ಚಿ ನೆಲವನ್ನು ಮತ್ತೆ ಕೊಯ್ದೆ. ನೆಲದ ಅಗಲ 1196 ಇರಬೇಕು. ಎರಡು ಪಕ್ಕೆ ಸೇರಿ ಆಗ ಸರಿಯಾಗಿ 1220. ಹಾಸಿಗೆಯನ್ನು ಫೋಮ್ ಅಂಗಡಿಯಲ್ಲಿ ಆ ಅಳತೆಗೆ ಕೊಯ್ಸಿ.

ನೆಲದ ಹಾಳೆಯ ಕೆಳಮೈಗೆ ಚಾಸಿಯ ಮೇಲಿಡುವ ಮೊದಲೇ ಬಿಟುಮೆನ್ ಪೇಂಟ್ ಎರಡು ಕೋಟ್ ಬಳಿಯಿರಿ. ಅಂಚುಗಳಿಗೆ ಮೂರು. ಆಮೇಲೆ 8 ಮಿ.ಮೀ. ಬೋಲ್ಟ್‌ಗಳಿಂದ ಚಾಸಿಗೆ ಕಟ್ಟಿ. ಮೇಲೆ ಅಗಲ ವಾಷರ್, ಕೆಳಗೆ ಲಾಕ್ ನಟ್. ನೆಲದ ಒಳಅಂಚಿನುದ್ದಕ್ಕೂ 40×40 ರೀಪು ಅಂಟಿಸಿ ಸ್ಕ್ರೂ ಹಾಕಿದರೆ ಪಕ್ಕೆ ನಿಲ್ಲಲು ಆಸರೆಯಾಗುತ್ತದೆ.

ಕರ್ಜಿಕಾಯಿಯ ಗೆರೆ

ಪಕ್ಕೆಯ ಆಕಾರ ಎಳೆಯುವುದು ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ದಿನ. ಹಾಳೆಯ ಕೆಳಅಂಚೇ ನೆಲದ ಗೆರೆ. ಮುಂಭಾಗದಿಂದ ಅಳೆಯುತ್ತ ಹೋಗಿ, ಪ್ರತಿ ಅಳತೆಯಲ್ಲಿ ಎತ್ತರ ಗುರುತು ಮಾಡಿ. ಮೊದಲನೆಯ ಅಂಕಿ ಮುಂಭಾಗದಿಂದ ದೂರ, ಎರಡನೆಯದು ಎತ್ತರ, ಎಲ್ಲ ಮಿ.ಮೀ.ನಲ್ಲಿ.

ಮುಂದಿನ ಅರ್ಧ: 0ಕ್ಕೆ 500, 100ಕ್ಕೆ 830, 200ಕ್ಕೆ 950, 400ಕ್ಕೆ 1100, 600ಕ್ಕೆ 1180, 900ಕ್ಕೆ 1220.

ಹಿಂದಿನ ಅರ್ಧ: 1200ಕ್ಕೆ 1200, 1500ಕ್ಕೆ 1130, 1800ಕ್ಕೆ 1010, 2000ಕ್ಕೆ 885, 2200ಕ್ಕೆ 700, 2300ಕ್ಕೆ 565, 2400ಕ್ಕೆ 355, 2440ಕ್ಕೆ 100.

ಪ್ರತಿ ಗುರುತಿಗೂ ಒಂದು ಮೊಳೆ ಹೊಡೆಯಿರಿ. ವೈರಿಂಗ್‌ಗೆ ಹಾಕುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯನ್ನು ಮೊಳೆಗಳ ಮೇಲೆ ಬಾಗಿಸಿ ಪೆನ್ಸಿಲ್ ಓಡಿಸಿ. ಎಲ್ಲಾದರೂ ಪಟ್ಟಿ ಮೊಳೆಯನ್ನು ಮುಟ್ಟದಿದ್ದರೆ ಪಟ್ಟಿಯ ಮಾತು ಕೇಳಿ, ಮೊಳೆಯದ್ದಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಡುಬ್ಬ ಇದ್ದರೆ ಕಣ್ಣಿಗೆ ಚುಚ್ಚುತ್ತದೆ.

ಒಂದು ಪಕ್ಕೆಯನ್ನು ಜಿಗ್ ಸಾದಿಂದ ಗೆರೆಯ ಹೊರಗೆ ಎರಡು ಮಿ.ಮೀ. ಬಿಟ್ಟು ಕೊಯ್ಯಿರಿ, ಅದನ್ನೇ ಇಟ್ಟು ಗೆರೆ ಎಳೆದು ಎರಡನೆಯದನ್ನೂ ಕೊಯ್ಯಿರಿ. ಆಮೇಲೆ ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕ್ಲಾಂಪ್ ಹಾಕಿ, ಉಪ್ಪುಕಾಗದದಿಂದ ಒಟ್ಟಿಗೇ ಉಜ್ಜಿ. ಎರಡೂ ಪಕ್ಕೆ ಒಂದೇ ಆಗಿರುವುದು ಅಳತೆ ಸರಿಯಾಗಿರುವುದಕ್ಕಿಂತ ಮುಖ್ಯ. ಬಾಗಿಲಿನ ತೂತನ್ನೂ ಈಗಲೇ ಕೊಯ್ಯಿರಿ, 600×900 ಇರಲಿ, ಮೂಲೆಗಳು ಗುಂಡಗಿರಲಿ. ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ. ಕೊಯ್ದ ತುಂಡೇ ಬಾಗಿಲಾಗುತ್ತದೆ, ಎಸೆಯಬೇಡಿ. ಎರಡೂ ಬದಿಗೆ ಬಾಗಿಲಿರಲಿ. ಇದು ಅನುಕೂಲದ ಮಾತಲ್ಲ, ಬೆಂಕಿಯ ಮಾತು.

ಈ ಅಳತೆಯಲ್ಲಿ ಒಂದು ಲಾಭ ಇದೆ. ಮುಚ್ಚಳದ ಕೀಲನ್ನು 1500ರಲ್ಲಿಟ್ಟರೆ, ಮುಂದಿನ ಕೆಳಅಂಚಿನಿಂದ ಶುರುವಾಗಿ ಕೀಲಿನವರೆಗೆ ಚಾವಣಿಯ ಬಾಗಿದ ಉದ್ದ 2390 ಮಿ.ಮೀ.ಗೂ ಒಳಗೆ ಬರುತ್ತದೆ. ಎಂಟಡಿಯ ಒಂದೇ ಹಾಳೆ ಸಾಕು, ನಡುವೆ ಜೋಡಣೆಯಿಲ್ಲ. ಮುಚ್ಚಳಕ್ಕೆ ಇನ್ನೊಂದು ಹಾಳೆಯಿಂದ ಒಂದೂವರೆ ಮೀಟರ್. ಜೋಡಣೆ ಕಡಿಮೆಯಾದಷ್ಟೂ ಸೋರುವ ಜಾಗ ಕಡಿಮೆ.

1500ರಲ್ಲಿ ಅಡ್ಡಗೋಡೆ ಬರುತ್ತದೆ. ಆದರೆ ಆರಡಿ ಹಾಸಿಗೆಗೆ 1830 ಬೇಕಲ್ಲ? ಗೋಡೆಯನ್ನು ನೆಲದವರೆಗೆ ಇಳಿಸಬೇಡಿ. ನೆಲದಿಂದ 450 ಎತ್ತರದಲ್ಲಿ ಅಡುಗೆ ಕಟ್ಟೆಯ ಹಲಗೆ ಹಾಕಿ, ಅದರ ಕೆಳಗೆ ಕಾಲು ಚಾಚುವ ಗೂಡು ಬಿಡಿ. ಆ ಗೂಡಿನ ಹಿಂಗೋಡೆ 1850ರಲ್ಲಿರಲಿ. ಟ್ರೇಲರ್‌ನ ನೆಲವೇ ರಸ್ತೆಯಿಂದ ಸುಮಾರು 450 ಮೇಲಿರುತ್ತದೆ. ಹಾಗಾಗಿ ಕಟ್ಟೆ 900 ಎತ್ತರಕ್ಕೆ ಬಂದು, ಹೊರಗೆ ನಿಂತು ಅಡುಗೆ ಮಾಡುವವರಿಗೆ ಮನೆಯ ಕಟ್ಟೆಯಷ್ಟೇ ಸಿಗುತ್ತದೆ.

ಚಾವಣಿ

ಎರಡು ಪಕ್ಕೆಗಳ ನಡುವೆ 25×40 ಮಿ.ಮೀ. ಅಡ್ಡಪಟ್ಟಿಗಳು, 300 ಮಿ.ಮೀ.ಗೊಂದು. ಮುಂದೆ ಬಾಗು ಜಾಸ್ತಿ ಇರುವಲ್ಲಿ 150ಕ್ಕೊಂದು. ಕೀಲು ಕೂರುವ ಪಟ್ಟಿ ದುಪ್ಪಟ್ಟು ದಪ್ಪ. ಒಳಗಿನಿಂದ 4 ಮಿ.ಮೀ. ಪ್ಲೈ. ಮುಂದಿನ ಬಾಗಿಗೆ ಬಗ್ಗುವ ಫ್ಲೆಕ್ಸಿ ಪ್ಲೈ ಸಿಗುತ್ತದೆ, ಅದನ್ನೇ ತನ್ನಿ. ಮಾಮೂಲಿ ಪ್ಲೈಯನ್ನು ಒದ್ದೆ ಬಟ್ಟೆ ಹಾಕಿ ಬಗ್ಗಿಸಲು ಹೋಗಿ ಒಂದು ಹಾಳೆ ಟಪ್ ಎಂದು ಮುರಿಯಿತು.

ಪಟ್ಟಿಗಳ ನಡುವೆ ಥರ್ಮಾಕೋಲ್ ತುಂಬುವ ಮೊದಲು ದೀಪದ ವೈರ್ ಹಾಯಿಸಿ. ಇದನ್ನು ಮರೆಯದವರು ಯಾರೂ ಇಲ್ಲ. ಅದರ ಮೇಲೆ ಮತ್ತೊಂದು 4 ಮಿ.ಮೀ. ಪ್ಲೈ, ಅದರ ಮೇಲೆ 0.8 ಮಿ.ಮೀ. ಅಲ್ಯೂಮಿನಿಯಂ ಹಾಳೆ. 8×4 ಹಾಳೆಗೆ ಆರೂವರೆ ಕೆಜಿ ಅಷ್ಟೇ. ಈ ಹಾಳೆಯನ್ನು ಇಡೀ ಮೈಗೆ ಅಂಟು ಬಳಿದು ಅಂಟಿಸಬೇಡಿ. ಬಿಸಿಲಿಗೆ 40 ಡಿಗ್ರಿ ಏರಿದರೆ ಎಂಟಡಿಯ ಅಲ್ಯೂಮಿನಿಯಂ ಎರಡು ಮಿ.ಮೀ.ಗಿಂತ ಜಾಸ್ತಿ ಉದ್ದವಾಗುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಹಪ್ಪಳದಂತೆ ಉಬ್ಬುತ್ತದೆ. ಅಂಚಿನಲ್ಲಿ ಮಾತ್ರ ಆಂಗಲ್ ಪಟ್ಟಿಯಿಂದ ಹಿಡಿಸಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು. ಸಾದಾ ಕಬ್ಬಿಣದ ಸ್ಕ್ರೂ ಅಲ್ಯೂಮಿನಿಯಂ ಜೊತೆ ಒದ್ದೆಯಾದರೆ ಎರಡೂ ಕೊಳೆಯುತ್ತವೆ.

ನೀರು

ಎಂಜಿನಿಯರಿಂಗ್ ಎಲ್ಲ ಒಂದು ತೂಕ, ನೀರು ಒಂದು ತೂಕ. ಪುಣೆ ಊರೊಳಗಿನ ಮಳೆ ಏನೂ ಅಲ್ಲ. ತಾಮ್ಹಿಣಿ ಘಾಟಿಗೆ ಜುಲೈನಲ್ಲಿ ಹೋದರೆ ಮಳೆ ಮೇಲಿನಿಂದ ಮಾತ್ರವಲ್ಲ, ಅಡ್ಡವಾಗಿ, ಕೆಳಗಿನಿಂದ ಕೂಡ ಬರುತ್ತದೆ.

ಪ್ಲೈವುಡ್ ನೀರು ಕುಡಿಯುವುದು ಮೈಯಿಂದಲ್ಲ, ಅಂಚಿನಿಂದ. ಕೊಯ್ದ ಪ್ರತಿ ಅಂಚಿಗೂ ಎಪಾಕ್ಸಿ ಎರಡು ಸಲ ಬಳಿಯಿರಿ. ಮೊದಲ ಸಲ ಹೀರಿಕೊಳ್ಳುತ್ತದೆ, ಎರಡನೆಯದು ನಿಲ್ಲುತ್ತದೆ. ಹೊರಗಿನಿಂದ ಒಳಕ್ಕೆ ಹೋಗುವ ತೂತುಗಳಿಗೆ ಬೇರೆಯೇ ವಿಧಾನ. 6 ಮಿ.ಮೀ. ಬೋಲ್ಟಿಗೆ 10 ಮಿ.ಮೀ. ತೂತು ಕೊರೆಯಿರಿ. ಅದನ್ನು ಎಪಾಕ್ಸಿಯಿಂದ ತುಂಬಿ ಒಣಗಲು ಬಿಡಿ. ಮರುದಿನ ಅದರ ನಡುವೆ 6ರ ತೂತು ಕೊರೆಯಿರಿ. ಬೋಲ್ಟ್ ಸುತ್ತ ಈಗ ಮರವೇ ಇಲ್ಲ. ಬೇಜಾರಿನ ಕೆಲಸ, ನನ್ನ ಎರಡು ಶನಿವಾರ ಹೋದವು.

ಅಂಚಿನ ಆಂಗಲ್ ಪಟ್ಟಿಯ ಕೆಳಗೆ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕಿ. ಸ್ಕ್ರೂ ಬಿಗಿದಂತೆ ಅದು ಹೊರಗೆ ಉಕ್ಕಬೇಕು. ಉಕ್ಕಿದ್ದನ್ನು ಮರುದಿನ ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ. ಅಂಗಡಿಯವರು ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಕೊಡುತ್ತಾರೆ. ತಗೊಳ್ಳಬೇಡಿ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಒಮ್ಮೆ ಬಿಟ್ಟುಕೊಂಡರೆ ಅದೇ ಜಾಗಕ್ಕೆ ಬೇರೇನೂ ಅಂಟುವುದಿಲ್ಲ. ಪಿಯು (ಪಾಲಿಯುರೆಥೇನ್) ಸೀಲಂಟ್ ಕೇಳಿ.

ಇಷ್ಟೆಲ್ಲ ಮಾಡಿಯೂ ನನ್ನ ಮೊದಲ ಮಳೆಗಾಲದ ಪ್ರವಾಸದಲ್ಲಿ ಹಾಸಿಗೆಯ ಎಡಮೂಲೆ ಒದ್ದೆಯಾಯಿತು. ಕಿಟಕಿ ಸೋರಿತು ಎಂದು ಕಿಟಕಿಗೆ ಸೀಲಂಟ್ ಬಳಿದೆ. ಮತ್ತೆ ಒದ್ದೆ. ಚಾವಣಿಯ ಪಟ್ಟಿ ಬಿಚ್ಚಿ ಹಾಕಿದೆ. ಮತ್ತೆ ಒದ್ದೆ. ಕೊನೆಗೆ ಕಂಡದ್ದು ಹಿಂದಿನ ದೀಪದ ವೈರ್ ಒಳಗೆ ಬರುವ ತೂತು. ಅದು ಎಡಗಾಲಿಯ ಹಿಂದೆಯೇ ಇತ್ತು. ಟೈರ್ ಎರಚಿದ ನೀರು ವೈರ್ ಹಿಡಿದುಕೊಂಡು ಮೇಲೆ ಹತ್ತಿ ಒಳಗೆ ಬರುತ್ತಿತ್ತು. ನಿಲ್ಲಿಸಿ ಪೈಪಿನಿಂದ ನೀರು ಹೊಡೆದಾಗ ಅದು ಸೋರುತ್ತಿರಲಿಲ್ಲ, ಓಡಿಸಿದಾಗ ಮಾತ್ರ. ಹಾಗಾಗಿ ಎರಡು ಮಾತು. ಗಾಲಿಯ ಹಿಂದೆ ತೂತೇ ಬೇಡ, ಮಡ್‌ಗಾರ್ಡ್ ಪೂರ್ತಿ ಇರಲಿ. ವೈರ್ ಒಳಗೆ ಹೋಗುವ ಮೊದಲು ಒಂದು ಸಲ ಕೆಳಗೆ ಜೋತು ಬಿದ್ದು ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪರೀಕ್ಷೆ ಹೀಗೆ ಮಾಡಿ. ಒಳಗೆಲ್ಲ ಹಳೆ ಪತ್ರಿಕೆ ಹಾಸಿ, ಜೋಡಣೆಗಳ ಕೆಳಗೆ ಅರಿಶಿನ ಪುಡಿಯ ತೆಳು ಗೆರೆ ಎಳೆಯಿರಿ. ಹೊರಗಿನಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡಿ, ಕೆಳಗಿನಿಂದಲೂ ಹೊಡೆಯಿರಿ. ಒಂದೇ ಹನಿ ಬಿದ್ದರೂ ಅರಿಶಿನ ಕಡುಬಣ್ಣಕ್ಕೆ ತಿರುಗಿ ಜಾಗ ತೋರಿಸುತ್ತದೆ.

ಹಿಂದಿನ ಮುಚ್ಚಳ

ಎಲ್ಲರೂ ಎಡವುವುದು ಇಲ್ಲೇ. ಮುಚ್ಚಳದ ಪಕ್ಕೆಲುಬುಗಳನ್ನು ಅದೇ ಗೆರೆಯಿಂದ 18 ಮಿ.ಮೀ. ಪ್ಲೈನಲ್ಲಿ ಕೊಯ್ಯಬೇಕು. ಎರಡು ಬದಿಗೆ, ಎರಡು ನಡುವೆ. ಪ್ಲೈ ಅಂಟಿಸಿ ಕ್ಲಾಂಪ್ ಬಿಚ್ಚಿದಾಗ ಬಾಗು ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಕೆಳತುದಿ ಒಂದೂವರೆ ಸೆಂ.ಮೀ. ಹೊರಗೆ ನಿಂತುಬಿಡುತ್ತದೆ. ಅದಕ್ಕೆ ಮುಚ್ಚಳವನ್ನು ಗೂಡಿನ ಮೇಲೆಯೇ ಕಟ್ಟಿ, ತೆಳು ಪ್ಲೈ ಎರಡು ಪದರ ಹಾಕಿ, ನಡುವೆ ಅಂಟು ಬಳಿದು, ಲಾರಿಯವರ ಬೆಲ್ಟಿನಿಂದ ಬಿಗಿದು ಇಡೀ ಒಂದು ದಿನ ಬಿಡಿ. ಅವಸರ ಮಾಡಬೇಡಿ.

ಕೀಲಿಗೆ ಪಿಯಾನೋ ಹಿಂಜ್ (ಉದ್ದಕ್ಕೂ ಒಂದೇ ಪಟ್ಟಿಯಂಥ ಕೀಲು) ಸಾಕು, ಆದರೆ ಅದು ಸೋರುತ್ತದೆ. ಮೇಲೆ ಹಳೆ ಲಾರಿ ಟ್ಯೂಬಿನ ನಾಲ್ಕಿಂಚು ಪಟ್ಟಿ, ಮುಂದಿನ ಅಂಚು ಮಾತ್ರ ಬಿಗಿದು, ಹಿಂದಿನದು ಸುಮ್ನೆ ಮುಚ್ಚಳದ ಮೇಲೆ ಕೂರಲಿ. ಬದಿಗಳಿಗೆ ನಿಮ್ಮ ಕಾರಿನ ಡಿಕ್ಕಿ ತೆರೆದು ನೋಡಿ. ರಬ್ಬರಿನ ಹೊರಗೆ ಒಂದು ಕಾಲುವೆ ಇದೆಯಲ್ಲ, ಒಳಬಂದ ನೀರು ಅದರಲ್ಲಿ ಹರಿದು ಕೆಳಗೆ ಹೋಗುತ್ತದೆ. ಅಲ್ಯೂಮಿನಿಯಂ ಯು ಚಾನಲ್‌ನಿಂದ ಅದನ್ನೇ ಮಾಡಿ. ನೀರನ್ನು ಪೂರ್ತಿ ತಡೆಯಲು ಹೋಗಬೇಡಿ, ಹೋಗಲು ದಾರಿ ಕೊಡಿ.

ಎತ್ತಲು ಡಿಕ್ಕಿಯ ಗ್ಯಾಸ್ ಶಾಕರ್ ಎರಡು. ಮುಚ್ಚಳ 18 ಕೆಜಿ, ಅದರ ತೂಕದ ಕೇಂದ್ರ ಕೀಲಿನಿಂದ 0.6 ಮೀಟರ್ ಎಂದರೆ ಕೀಲಿನ ಮೇಲೆ 106 ನ್ಯೂಟನ್ ಮೀಟರ್ ಭಾರ. ಶಾಕರ್ ತಳ್ಳುವ ಬಲ ಕೀಲಿನಿಂದ 0.2 ಮೀಟರ್ ದೂರದಲ್ಲಿ ಹಾಯ್ದರೆ ಒಂದೊಂದಕ್ಕೆ 265 ನ್ಯೂಟನ್ ಬೇಕು. 300ರದ್ದು ತನ್ನಿ.

ಒಲೆ, ಗಾಳಿ, ಕರೆಂಟು

ಒಲೆ ಯಾವಾಗಲೂ ಹಿಂದಿನ ಕಟ್ಟೆಯಲ್ಲಿ, ಮುಚ್ಚಳ ತೆರೆದೇ. 5 ಕೆಜಿಯ ಸಣ್ಣ ಸಿಲಿಂಡರ್ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ಎರಡು ತೂತು ಬಿಡಿ. ಮಲಗುವ ಕಡೆಗೆ ಒಂದೂ ಬೇಡ. ಚಳಿಯೆಂದು ಒಳಗೆ ಶೇಗಡಿ ಇಟ್ಟು ಮಲಗುವ ಯೋಚನೆ ಕೂಡ ಬೇಡ. ಕೆಂಡದ ಹೊಗೆಯಿಲ್ಲದ ವಿಷ ನಿದ್ದೆಯಲ್ಲೇ ಕೊಲ್ಲುತ್ತದೆ.

ಗಾಳಿಗೆ ಎರಡು ಕಿಂಡಿ ಬೇಕು, ಒಂದು ಕೆಳಗೆ, ಒಂದು ಚಾವಣಿಯಲ್ಲಿ. ಮೇಲಿನದಕ್ಕೆ 12 ವೋಲ್ಟ್‌ನ ಕಂಪ್ಯೂಟರ್ ಫ್ಯಾನ್ ಹಾಕಿ. ಇಲ್ಲದಿದ್ದರೆ ಬೆಳಗ್ಗೆ ಏಳುವಾಗ ಒಳಗೋಡೆ ಬೆವರಿರುತ್ತದೆ, ಸೋರಿತೆಂದು ಮತ್ತೆ ಹುಡುಕಾಟ.

ಕರೆಂಟಿನ ಲೆಕ್ಕ ಚಿಕ್ಕದು. ದೀಪ, ಒಂದು ಸಣ್ಣ ಫ್ಯಾನ್ ರಾತ್ರಿಯಿಡೀ, ಎರಡು ಫೋನ್ ಸೇರಿ 190 ವ್ಯಾಟ್ ಅವರ್ ಬರುತ್ತದೆ, ಅಂದರೆ 16 ಆಂಪಿಯರ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 40ರದ್ದು ಬೇಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಸಾಮಾನೆಲ್ಲ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತದೆ.

ರಸ್ತೆ ದೀಪಕ್ಕೆ 7 ಪಿನ್ ಪ್ಲಗ್. ಅದರ ವಾಡಿಕೆಯ ಬಣ್ಣಗಳು: ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ತ್, ಕೆಂಪು ಬ್ರೇಕ್, ಕಪ್ಪು ಎಡ ಹಿಂದೀಪ, ಕಂದು ಬಲ ಹಿಂದೀಪ, ನೀಲಿ ಫಾಗ್ ದೀಪ. ಅರ್ತ್‌ಗೆ ಚಾಸಿಯನ್ನು ನಂಬಬೇಡಿ, ಬಿಳಿ ವೈರನ್ನು ಪ್ರತಿ ದೀಪಕ್ಕೂ ಎಳೆಯಿರಿ. ಹೊಳೆಯುವ ಟೇಪ್ ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ.

ಮೊದಲ ಓಟ

ಮೊದಲ ಸಲ ಖಾಲಿ ಗೂಡು, ಬೆಳಗಿನ ಐದು ಗಂಟೆ, ಭೋರ್ ಕಡೆಯ ರಸ್ತೆ. 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಗಾಲಿಯ ನಟ್ಟು, ಸ್ಪ್ರಿಂಗ್‌ನ ಯು ಬೋಲ್ಟ್ ಬಿಗಿಯಿರಿ. ನನ್ನ ಯು ಬೋಲ್ಟ್‌ಗಳು ಅರ್ಧ ಸುತ್ತು ಸಡಿಲವಾಗಿದ್ದವು. 200ಕ್ಕೆ ಮತ್ತೊಮ್ಮೆ. ಗಾಲಿಯ ಗುಂಬ (ನಡುಭಾಗ) ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಬಿಗಿಯಾಗಿದೆ. ನಾನು ಗಂಟೆಗೆ 60 ಕಿ.ಮೀ. ವೇಗದ ಮೇಲೆ ಹೋಗುವುದಿಲ್ಲ. ಟ್ರೇಲರ್ ಬಾಲ ಬೀಸಿದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ರಿವರ್ಸ್ ತೆಗೆಯುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ. ಸ್ಟೀರಿಂಗ್‌ನ ಕೆಳಭಾಗ ಹಿಡಿದುಕೊಳ್ಳಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಯಲಿ.

ನಿಲ್ಲಿಸುವಾಗ ಮೂಕಿ ಸ್ವಲ್ಪ ಎತ್ತರದಲ್ಲಿರಲಿ, ಮಳೆ ನೀರು ಹಿಂದಕ್ಕೆ ಹರಿದು ಕೀಲಿನ ರಬ್ಬರ್ ಪಟ್ಟಿಯ ಮೇಲಿಂದ ಜಾರಿಹೋಗುತ್ತದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಅಂಚಿನ ಪಟ್ಟಿಗಳುದ್ದಕ್ಕೂ ಉಗುರು ಓಡಿಸಿ ನೋಡುತ್ತೇನೆ. ಈ ಸಲ ಹಿಂದಿನ ಬಲಮೂಲೆಯಲ್ಲಿ ಉಗುರು ಒಳಗೆ ಹೋಯಿತು. ನಾಲ್ಕು ಸ್ಕ್ರೂ ಬಿಚ್ಚಿ, ಹಳೆ ಟೇಪ್ ಕೆರೆದು, ಹೊಸದು ಹಾಕಿ ಒತ್ತಿದ್ದೇನೆ.